ಯುದ್ಧದ ಹೊತ್ತಿಗೆ ಸೂಪು

ಮೂವತ್ತೊಂದು ವರ್ಷ ಪುಸ್ತಕ ಹೊಲಿದವನು ಒಂದನ್ನೂ ಪೂರ್ತಿ ಓದಿಲ್ಲ ಎಂದರೆ ಯಾರು ನಂಬುತ್ತಾರೆ? ಆ ಬೀದಿಯಲ್ಲಂತೂ ನಂಬುವವರು ಇರಲಿಲ್ಲ. ಪ್ರೆಸ್ಸಿನ ಬೈಂಡರ್ ಸಂಜೆ ಕೆಲಸ ಮುಗಿಸಿ ಬರುವಾಗ ಕಂಕುಳಲ್ಲಿ ಎರಡು ಪುಸ್ತಕ, ಕಿವಿಯ ಮೇಲೊಂದು ಪೆನ್ಸಿಲ್ಲು, ಬೆರಳ ತುದಿಯಲ್ಲಿ ಒಣಗಿದ ಅಂಟು. ವಿದ್ವಾಂಸ ಎನಿಸಿಕೊಳ್ಳಲು ಇನ್ನೇನು ಬೇಕು. ಆ ಎರಡು ಪುಸ್ತಕ ಮಂಚದ ಗಿಡ್ಡ ಕಾಲಿಗೆ ಒತ್ತು ಕೊಡಲು ತರುತ್ತಿದ್ದ ಕೆಟ್ಟ ಪ್ರತಿಗಳು ಎಂಬುದು ಅವನಿಗೂ ಮಂಚಕ್ಕೂ ಮಾತ್ರ ಗೊತ್ತಿತ್ತು.

ಹೀಗಾಗಿ ಕ್ಷೌರದಂಗಡಿಯಲ್ಲಿ ಯಾವುದೇ ಪುಸ್ತಕದ ಮಾತು ಬಂದರೂ ಎಲ್ಲರ ಮುಖ ಇವನ ಕಡೆ ತಿರುಗುತ್ತಿತ್ತು. ಇವನು ಒಂದು ಗಳಿಗೆ ಕಣ್ಣು ಮುಚ್ಚಿ, "ಪರವಾಗಿಲ್ಲ. ಆದ್ರೆ ಓಟ ಸಮ ಇಲ್ಲ" ಎನ್ನುತ್ತಿದ್ದ. ಪ್ರೆಸ್ಸಿನ ಪ್ರೂಫ್ ರೀಡರ್ ಯಾವುದೋ ಕಾದಂಬರಿಗೆ ಆಡಿದ ಮಾತನ್ನು ಇವನು ಎತ್ತಿ ಇಟ್ಟುಕೊಂಡಿದ್ದ. ಎಂಥ ಪುಸ್ತಕಕ್ಕೂ ಒಪ್ಪುವ ಮಾತು ಅದು. ಒಮ್ಮೆ ಹೊಲಿಗೆ ಕಲಿಸುವ ಪುಸ್ತಕಕ್ಕೂ ಅದನ್ನೇ ಹೇಳಿ, ದರ್ಜಿಯಿಂದ ಭೇಷ್ ಅನಿಸಿಕೊಂಡಿದ್ದ.

ಇಂಥವನ ಅಕ್ಕನ ಮಗಳು ಒಂದು ಕಾದಂಬರಿ ಬರೆದುಬಿಟ್ಟಳು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೌಂಟರಿನ ಹಿಂದೆ ಕೂತು ಮೂರು ವರ್ಷ ಬರೆದಿದ್ದಳು. ಹದಿಹರೆಯದವರಿಗೆಂದು ಬರೆದ ಮಾಯಾಲೋಕದ ಕಥೆ. ಒಬ್ಬ ಅರಸ ತನ್ನ ಪ್ರಜೆಗಳ ನೆರಳುಗಳನ್ನು ಒಂದೊಂದಾಗಿ ಕತ್ತರಿಸಿ ಕೋಟೆಯೊಳಗೆ ಕೂಡಿಹಾಕುತ್ತಿದ್ದಾನೆ. ದೀಪ ಮಾಡುವವನ ಮಗಳು, ಹದಿನಾರು ವರ್ಷದವಳು, ರೆಕ್ಕೆಯಿರುವ ಒಂದು ಹೇಸರಗತ್ತೆಯ ಮೇಲೆ ಕೂತು ತನ್ನ ಅಜ್ಜಿಯ ನೆರಳನ್ನು ಬಿಡಿಸಿ ತರಲು ಹೊರಡುತ್ತಾಳೆ. ಹೇಸರಗತ್ತೆಗೆ ಮನಸ್ಸಿದ್ದರೆ ಹಾರುತ್ತದೆ, ಇಲ್ಲದಿದ್ದರೆ ಇಲ್ಲ.

ಅಕ್ಕನಿಗೆ ಈ ಬರೆಯುವ ಹುಚ್ಚು ಹಿಡಿಸಿರಲಿಲ್ಲ. ಕನ್ನಡಕದ ನಂಬರು ನೋಡುವ ಕೆಲಸದ ಪರೀಕ್ಷೆ ಕಟ್ಟು, ಅದು ಬಿಟ್ಟು ಕತ್ತೆ ಹಾರಿಸ್ತಾ ಕೂತರೆ ಆಯ್ತಾ, ಎನ್ನುತ್ತಿದ್ದಳು. ಪುಸ್ತಕ ಇದೇ ಪ್ರೆಸ್ಸಿನಲ್ಲಿ ಅಚ್ಚಾಗಿ, ಇದೇ ಬೈಂಡರ್ ಕೈಯಲ್ಲಿ ಹೊಲಿಸಿಕೊಂಡು ಹೊರಬಂದ ದಿನ ತಾಯಿ ಮಗಳ ನಡುವೆ ಒಂದು ಒಪ್ಪಂದವಾಯಿತು.

"ಎರಡನೇ ಭಾಗ ಅರ್ಧ ಬರೆದಿದ್ದೀನಿ ಮಾವ" ಎಂದಳು ಹುಡುಗಿ. "ನೀವು ಇದನ್ನ ಓದಿ ಹೇಗಿದೆ ಅಂತ ಹೇಳಿ. ಚೆನ್ನಾಗಿದೆ ಅಂದ್ರೆ ಅಮ್ಮ ಮುಂದುವರಿಸೋಕೆ ಬಿಡ್ತಾಳಂತೆ."

"ಪುಸ್ತಕದ ಮಧ್ಯದಲ್ಲೇ ಕೂದಲು ನೆರೆಸಿಕೊಂಡವನು" ಎಂದಳು ಅಕ್ಕ. "ಅವನು ಹೇಳಿದ್ದೇ ಕೊನೆ."

ಬೈಂಡರ್‌ಗೆ ತಲೆಯ ಮೇಲೆ ಕೊಂಬು ಮೂಡಿದಂತಾಯಿತು. ಹುಡುಗಿ ಹಂಚಲೆಂದು ಕೊಟ್ಟ ಮೊದಲ ಕಟ್ಟಿನ ಪ್ರತಿಗಳನ್ನು ಬೀದಿಯವರಿಗೆಲ್ಲ ತಾನೇ ಬರೆದವನ ಹಾಗೆ ಹಂಚಿದ. ಒಂದನ್ನು ತಾನಿಟ್ಟುಕೊಂಡ. ಮತ್ತೆ, ಹೇಳಲು ನಾಚಿಕೆಯಾದರೂ ಹೇಳಬೇಕು, ಅದನ್ನು ಓದಲು ಶುರು ಮಾಡಿದ.

ಅವನಿಗೇ ಆಶ್ಚರ್ಯ, ಪುಸ್ತಕ ಅವನನ್ನು ಬಿಡಲೇ ಇಲ್ಲ. ಅನ್ನ ಆರಿತು, ಬಕೆಟ್ಟು ತುಂಬಿ ನೀರು ಹರಿಯಿತು. ಕಥೆಯ ಹುಡುಗಿ ಹಸಿದು ಒಂದು ಛತ್ರಕ್ಕೆ ಬಂದು, ಕುರುಡ ಮುದುಕನೊಬ್ಬನ ಕೈಯಿಂದ ಸೂಪು ಕುಡಿಯುವ ಕಡೆ ಅವನಿಗೂ ಹಸಿವಾಯಿತು. ಕೋಟೆಯ ಮುಂದೆ ಮೂರು ಸಾವಿರ ಸೈನಿಕರು ನಿಂತರು. ಸೇನಾಪತಿ ದೊಡ್ಡ ಕತ್ತರಿ ಮೇಲೆತ್ತಿದ. ಹೇಸರಗತ್ತೆ ರೆಕ್ಕೆ ಬಿಚ್ಚಿತು. ಬೈಂಡರ್ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ. ಪುಟದ ಕೊನೆಯ ಸಾಲು: "ಹುಡುಗಿ ಉಸಿರು ಬಿಗಿಹಿಡಿದು, ಎರಡೂ ಕೈ ಚಾಚಿ". ಅವಸರದಲ್ಲಿ ಪುಟ ತಿರುವಿದ. "ಬಿಸಿ ಸೂಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು."

ಬೈಂಡರ್ ಕಣ್ಣುಜ್ಜಿಕೊಂಡ. ಮತ್ತೆ ಅದೇ ಛತ್ರ, ಅದೇ ಕುರುಡ ಮುದುಕ, ಅದೇ ಸೂಪು. ಹದಿನಾರು ಪುಟ ಅವಳು ಸೂಪು ಕುಡಿದಳು. ಮೊದಲ ಸಲ ಬಾಯಲ್ಲಿ ನೀರೂರಿಸಿದ ಸೂಪು ಈ ಸಲ ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೆ ಮುದುಕ "ಇದಕ್ಕೆ ಇನ್ನೊಂದು ಚಿಟಿಕೆ ಉಪ್ಪು ಬೇಕು" ಎಂದ. ಪುಟ ತಿರುವಿದರೆ, "ಎಂದದ್ದೇ ತಡ, ಮೂರು ಸಾವಿರ ಸೈನಿಕರೂ ಆಯುಧ ಕೆಳಗಿಟ್ಟರು." ಯುದ್ಧ ಮುಗಿದಿತ್ತು. ಯಾರು ಯಾರನ್ನು ಹೊಡೆದರು, ಸೇನಾಪತಿ ಎಲ್ಲಿ ಹೋದ, ಒಂದೂ ಇಲ್ಲ.

ಅವನಿಗೆ ನಿಜವಾಗಿ ಬೇಜಾರಾಯಿತು. ಜೀವನದಲ್ಲಿ ಓದಿದ್ದು ಒಂದು ಪುಸ್ತಕ, ಅದೂ ಹೀಗಾಗಬೇಕೆ. ಆದರೆ ಬೇಜಾರಿನ ಹಿಂದೆಯೇ ಒಂದು ಸಂತೋಷ ಇಣುಕಿತು. ಮೂವತ್ತೊಂದು ವರ್ಷ ಕುರುಡಾಗಿ ಆಡಿಕೊಂಡು ಬಂದ ಮಾತು ಈ ಸಲ ಸಾಕ್ಷಾತ್ ನಿಜವಾಗಿತ್ತು. ಓಟ ಸಮ ಇಲ್ಲ. ಓದಿಯೇ ಹೇಳುತ್ತಿದ್ದೇನೆ.

ಮರುದಿನ ಅಕ್ಕನ ಮನೆಯಲ್ಲಿ ಇದನ್ನೇ ಹೇಳಿದ. ಹುಡುಗಿಯ ಮುಖ ಬಾಡಿತು. "ಎಲ್ಲಿ ಮಾವ? ಯಾವ ಕಡೆ?"

ಇಲ್ಲಿ ಬೈಂಡರ್ ಪುಟ ತೆಗೆದು ತೋರಿಸಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ದೊಡ್ಡ ಮನುಷ್ಯರು ಬೊಟ್ಟು ಮಾಡಿ ತೋರಿಸುವುದಿಲ್ಲ ಎಂದು ಅವನಿಗೆ ಆ ಗಳಿಗೆಯಲ್ಲೇ ಹೊಳೆಯಿತು. "ಅದನ್ನ ಬರೆದವರೇ ಕಂಡ್ಕೋಬೇಕಮ್ಮ" ಎಂದ. "ಓಡಬೇಕಾದ ಕಡೆ ಕೂತಿದೆ, ಅಷ್ಟು ಹೇಳ್ತೀನಿ."

"ಕೇಳಿಸ್ತಾ" ಎಂದಳು ಅಕ್ಕ ಮಗಳ ಕಡೆ ತಿರುಗಿ.

ಒಂದು ವಾರದಲ್ಲಿ ಬೀದಿ ಎರಡು ಪಕ್ಷವಾಯಿತು. ಬೈಂಡರ್ ಕೈಯಿಂದ ಪ್ರತಿ ಪಡೆದವರೆಲ್ಲ ಅವನ ಪಕ್ಷ, ಹುಡುಗಿಯ ಅಂಗಡಿಯಲ್ಲಿ ಕೊಂಡವರು ಇನ್ನೊಂದು. ಯುದ್ಧ ಎನ್ನುವ ಹೊತ್ತಿಗೆ ಹುಡುಗಿ ಊಟಕ್ಕೆ ಹೋಗಿಬಿಡ್ತಾಳೆ ಕಣ್ರೀ, ಎಂದು ಕ್ಷೌರದವನು ಬಂದವರಿಗೆಲ್ಲ ದೂರಿಕೊಳ್ಳುತ್ತಿದ್ದ. ಒಂದು ಬೆಳಗ್ಗೆ ದರ್ಜಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಈ ಮಾತು ಅವನ ಕಿವಿಗೆ ಬಿತ್ತು. ಅವನು ಪ್ರತಿ ತೆಗೆದುಕೊಂಡದ್ದು ಕನ್ನಡಕದಂಗಡಿಯಿಂದ.

"ಊಟಕ್ಕೆ ಹೋಗ್ತಾಳಾ? ಏನ್ರೀ ಹೇಳ್ತಿದ್ದೀರಿ. ಆ ಯುದ್ಧ ಓದಿ ನಾನು ಅತ್ತುಬಿಟ್ಟೆ. ಸೇನಾಪತಿ ಕತ್ತರಿನ ಅವನ ನೆರಳಿಗೇ ಹಾಕ್ತಾಳಲ್ಲ, ಎಂಥ ಕೈಚಳಕ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ನನಗೇ ಮೈ ಜುಂ ಅಂತು."

ಕ್ಷೌರದವನು ಕತ್ತಿ ನಿಲ್ಲಿಸಿದ. ನಿಲ್ಲಿಸಿದ್ದು ದರ್ಜಿಯ ಗಂಟಲ ಮೇಲೆ. "ಯಾವ ಯುದ್ಧ?"

"ಹದಿನೈದು ಪುಟ ಇದೆಯಲ್ಲಪ್ಪ."

"ಬೈಂಡರ್ ಸಾಹೇಬರೇ, ಯುದ್ಧ ಇದೆಯಾ?"

ಬೆಂಚಿನ ಮೇಲೆ ಕೂತಿದ್ದ ಬೈಂಡರ್ ನಿಧಾನವಾಗಿ ನಕ್ಕ. "ಓದಿರೋರಿಗೆ ಗೊತ್ತಿರುತ್ತೆ ಇಲ್ಲ ಅಂತ. ರಟ್ಟು ನೋಡಿ ಕಥೆ ಕಟ್ಟೋರ ಬಾಯಿ ಮುಚ್ಚಿಸೋಕೆ ಆಗಲ್ಲ. ಒಂದು ಪುಸ್ತಕಾನ ಓದದೆ ಮಾತಾಡೋದು ದೊಡ್ಡ ಪಾಪ ನೋಡಿ."

ಮೂವತ್ತೊಂದು ವರ್ಷದ ಪಾಪಿ ಇದನ್ನು ಕಣ್ಣು ಮಿಟುಕಿಸದೆ ಹೇಳಿದ. ಕತ್ತಿ ಇನ್ನೂ ಗಂಟಲ ಮೇಲೇ ಇತ್ತು. ದರ್ಜಿ ನೊರೆಯೊಳಗಿಂದ ಎರಡು ಕಣ್ಣು ಬಿಟ್ಟು ನೋಡಿ, "ಇಲ್ಲ ಇಲ್ಲ, ಯುದ್ಧ ಇಲ್ಲ" ಎಂದ. "ನಾನು ಬೇರೆ ಯಾವುದೋ ನೆನೆಸ್ಕೊಂಡೆ." ಅಂದಿನಿಂದ ಅವನು ಸಾಹಿತ್ಯದ ಬಗ್ಗೆ ಬಾಯಿ ಬಿಡಲಿಲ್ಲ.

ನಿವೃತ್ತ ಹೆಡ್‌ಮಾಸ್ಟರರದ್ದು ಇನ್ನೊಂದೇ ದಾರಿ. ಅವರೂ ಬೈಂಡರ್ ಕೊಟ್ಟ ಪ್ರತಿಯನ್ನೇ ಓದಿದ್ದರು. ಆದರೆ ಅವರಿಗೆ ಸೂಪು ಬಹಳ ಹಿಡಿಸಿಬಿಟ್ಟಿತ್ತು. ಜಗತ್ತು ಯುದ್ಧ ಕೇಳುವಾಗ ಲೇಖಕಿ ಸೂಪು ಕೊಡುತ್ತಾಳೆ, ಒಂದು ಚಿಟಿಕೆ ಉಪ್ಪಿಗೆ ಮೂರು ಸಾವಿರ ಸೈನಿಕರು ಆಯುಧ ಇಳಿಸುತ್ತಾರೆ, ಇದಕ್ಕಿಂತ ದೊಡ್ಡ ಶಾಂತಿಸಂದೇಶ ಯಾವುದಿದೆ, ಎಂದು ಹನ್ನೊಂದು ಪುಟದ ಲೇಖನ ಬರೆದು ಶಾಲೆಯ ವಾರ್ಷಿಕ ಸಂಚಿಕೆಗೆ ಕಳಿಸಿದರು.

ಇಷ್ಟೆಲ್ಲ ಗದ್ದಲ ಕಿವಿಗೆ ಬಿದ್ದ ಮೇಲೆ ಬಡಾವಣೆಯ ಲೈಬ್ರರಿಯವರು ಸುಮ್ಮನಿರುತ್ತಾರೆಯೇ? ಭಾನುವಾರದ ಓದುಗರ ಕೂಟದಲ್ಲಿ "ಕಾದಂಬರಿಯಲ್ಲಿ ಓಟ" ಎಂಬ ವಿಷಯದ ಮೇಲೆ ಬೈಂಡರ್ ಮಾತಾಡಬೇಕೆಂದು ನಿಶ್ಚಯವಾಯಿತು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮೂವತ್ತು ಜನ ಸೇರಿದ್ದರು. ಕೊನೆಯ ಸಾಲಿನಲ್ಲಿ ಅಕ್ಕನ ಮಗಳು, ತೊಡೆಯ ಮೇಲೆ ಒಂದು ನೋಟ್‌ಬುಕ್, ಕೈಯಲ್ಲಿ ಪೆನ್ನು. ಮಾವ ಹೇಳುವುದನ್ನು ಬರೆದುಕೊಳ್ಳಲು ಬಂದಿದ್ದಳು.

ಬೈಂಡರ್ ಓಟ ಎಂದರೇನೆಂದು ನಡೆದೇ ತೋರಿಸಿದ. ವೇದಿಕೆಯ ಆ ತುದಿಯಿಂದ ಈ ತುದಿಗೆ ಒಮ್ಮೆ ನಿಧಾನಕ್ಕೆ, ಒಮ್ಮೆ ಬಿರುಸಾಗಿ. ಮೂರನೇ ಸಲ ಮೈಕಿನ ತಂತಿಗೆ ಕಾಲು ಸಿಕ್ಕಿ ಮುಗ್ಗರಿಸಿದ. ಸಭೆ ಅದನ್ನೂ ಉದಾಹರಣೆ ಎಂದು ತಿಳಿದು ಚಪ್ಪಾಳೆ ಹೊಡೆಯಿತು. "ಈ ಕಾದಂಬರಿಗೆ ಆಗಿರೋದು ಇದೇ" ಎಂದ ಬೈಂಡರ್, ಮಂಡಿ ಸವರಿಕೊಳ್ಳುತ್ತ.

ಲೈಬ್ರರಿಯನ್ ಎದ್ದು ನಿಂತರು. "ಒಂದು ಕಡೆ ತೋರಿಸಿದ್ರೆ ನಮಗೂ ತಿಳಿಯುತ್ತೆ. ಯಾವ ಅಧ್ಯಾಯ?"

"ಬರೆದೋಳು ನಮ್ಮ ಮನೆ ಮಗು, ಇಲ್ಲೇ ಕೂತಿದ್ದಾಳೆ" ಎಂದ ಬೈಂಡರ್ ದೊಡ್ಡ ಮನಸ್ಸು ಮಾಡಿ. "ನಾಲ್ಕು ಜನರ ಮುಂದೆ ಹೆಸರಿಟ್ಟು ಹೇಳೋದು ನನ್ನ ಸ್ವಭಾವ ಅಲ್ಲ. ಪೂರ್ತಿ ಪುಸ್ತಕಕ್ಕೆ ಅನ್ವಯಿಸ್ಕೊಂಡ್ರೆ ಆಯ್ತು."

ಮೂವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಹುಡುಗಿ ನೋಟ್‌ಬುಕ್ ಮುಚ್ಚಿ, ಪೆನ್ನಿಗೆ ಮುಚ್ಚಳ ಹಾಕಿ, ಸದ್ದಾಗದ ಹಾಗೆ ಕುರ್ಚಿ ಸರಿಸಿ ಎದ್ದು ಹೋದಳು. ಬೈಂಡರ್‌ಗೆ ಚಪ್ಪಾಳೆ ಬಿತ್ತು, ಒಂದು ಶಾಲೂ ಸಿಕ್ಕಿತು.

ಬುಧವಾರ ಪ್ರೆಸ್ಸಿನ ಬಾಗಿಲಿಗೆ ಒಂದು ತಳ್ಳುಗಾಡಿ ಬಂದು ನಿಂತಿತು. ಅದರ ತುಂಬ ಪುಸ್ತಕ. ಹಿಂದೆ ಅಕ್ಕನ ಮಗಳು. ಮಾರಾಟವಾಗದೆ ಉಳಿದ ಪ್ರತಿಗಳ ಜೊತೆಗೆ, ಮನೆ ಮನೆಗೆ ಹೋಗಿ ಕೊಟ್ಟವನ್ನೂ ಕೇಳಿ ವಾಪಸ್ ತಂದಿದ್ದಳು. ಹೆಡ್‌ಮಾಸ್ಟರ್ ಒಬ್ಬರೇ ಕೊಟ್ಟಿರಲಿಲ್ಲವಂತೆ.

"ಎಲ್ಲಾ ಕತ್ತರಿಸಿ ರದ್ದಿಗೆ ಹಾಕಿಬಿಡಿ ಮಾವ" ಎಂದಳು. ಅತ್ತ ಗುರುತೂ ಇರಲಿಲ್ಲ ಮುಖದಲ್ಲಿ, ಅದೇ ಕೆಟ್ಟದಾಗಿತ್ತು. "ಅಂಗಡೀಲಿ ಗಿರಾಕಿಗಳು ನೋಡಿ ನಗ್ತಾರೆ. ನನಗೆ ಅಲ್ಲಿ ನಿಲ್ಲೋಕೆ ಆಗ್ತಿಲ್ಲ. ಪರೀಕ್ಷೆಗೆ ಅರ್ಜಿ ಹಾಕಿದೆ."

ಬೈಂಡರ್‌ಗೆ ಬೇಡ ಎನ್ನಬೇಕೆನಿಸಿತು. ಆದರೂ ಹೇಳಿಕೊಂಡು ಬಂದ ಮಾತನ್ನು ನುಂಗುವುದು ಹೇಗೆ. "ಯೋಚನೆ ಮಾಡಿದ್ಯಾ" ಎಂದಷ್ಟೇ ಗೊಣಗಿ ಮೊದಲ ಪುಸ್ತಕ ಕೈಗೆತ್ತಿಕೊಂಡ. ರಟ್ಟು ರದ್ದಿಗೆ ಆಗುವುದಿಲ್ಲ, ಮೊದಲು ಅದನ್ನು ಸುಲಿಯಬೇಕು. ಬೆನ್ನಿನ ಅಂಟು ಸಮೇತ ರಟ್ಟು ಕಿತ್ತ. ಬೆನ್ನು ಬಯಲಾಯಿತು.

ಪುಸ್ತಕವನ್ನು ಹದಿನಾರು ಹದಿನಾರು ಪುಟದ ಮಡಿಕೆಗಳಾಗಿ ಹೊಲಿಯುತ್ತಾರೆ. ಪ್ರೆಸ್ಸಿನಲ್ಲಿ ಅದಕ್ಕೆ ಫಾರಂ ಎನ್ನುತ್ತಾರೆ. ಪ್ರತಿ ಫಾರಂನ ಬೆನ್ನಿಗೂ ಒಂದು ಚಿಕ್ಕ ಕಪ್ಪು ಗುರುತಿರುತ್ತದೆ, ಮುಂದಿನ ಫಾರಂಗೆ ಅದು ಒಂದು ಗೆರೆ ಕೆಳಗೆ. ಸರಿಯಾಗಿ ಜೋಡಿಸಿದರೆ ಗುರುತುಗಳು ಮೆಟ್ಟಿಲಿಳಿದ ಹಾಗೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಇಳಿಯುತ್ತವೆ. ಓದು ಬಾರದವನಿಗೂ ತಪ್ಪು ಕಾಣಲಿ ಎಂದೇ ಮಾಡಿದ ಏರ್ಪಾಡು.

ಇಲ್ಲಿ ಮೆಟ್ಟಿಲು ಹನ್ನೊಂದರವರೆಗೆ ಚೆನ್ನಾಗಿ ಇಳಿದಿತ್ತು. ಹನ್ನೆರಡನೆಯದು ಇರಲಿಲ್ಲ. ಅದರ ಜಾಗದ ಗುರುತು ಎಗರಿ ಮೇಲೆ ಹೋಗಿ ಐದನೆಯದರ ಮಟ್ಟದಲ್ಲಿ ಕೂತಿತ್ತು.

ಬೈಂಡರ್‌ಗೆ ಫಾರಂ ಜೋಡಿಸಿದ ದಿನ ಕಣ್ಣ ಮುಂದೆ ಬಂತು. ಅಕ್ಕನ ಮಗಳ ಪುಸ್ತಕ ಆಗುವುದನ್ನು ನೋಡಲು ಕ್ಷೌರದವನೂ ಹೆಡ್‌ಮಾಸ್ಟರರೂ ಬಂದಿದ್ದರು. ನಾನು ಗುರುತು ನೋಡೋದೇ ಇಲ್ಲ, ಕೈಗೇ ಗೊತ್ತು, ಎಂದು ಬೆನ್ನು ತಿರುಗಿಸಿಕೊಂಡೇ ಅವರಿಗೆ ಕಾದಂಬರಿಯ ಓಟದ ಬಗ್ಗೆ ಉಪದೇಶ ಮಾಡುತ್ತ ಜೋಡಿಸಿದ್ದ. ಮೇಜಿನ ಮೇಲೆ ಹನ್ನೆರಡರ ಗುಡ್ಡೆ ಹಾಕಬೇಕಾದ ಜಾಗದಲ್ಲಿ ಕೈಗೆ ಸಿಕ್ಕ ಐದರ, ಅಂದರೆ ಸೂಪಿನ, ಕಟ್ಟನ್ನು ಬಿಚ್ಚಿ ಇಟ್ಟಿದ್ದ. ಅವರು ಹೋಗುವಷ್ಟರಲ್ಲಿ ಅರವತ್ತು ಪ್ರತಿ ಆಗಿ, ಆ ಕಟ್ಟು ಮುಗಿದಿತ್ತು. ಆಮೇಲಿನವು ಸರಿಯಾಗಿದ್ದವು, ಯಾಕೆಂದರೆ ನೋಡುವವರು ಯಾರೂ ಇರಲಿಲ್ಲ.

ಆಗ ಅವನು ಮಾಡಿದ್ದನ್ನು ಮರೆಮಾಚಬಹುದಿತ್ತು, ಆದರೆ ಕಥೆ ಹೇಳುವವನಿಗೆ ಅದು ಸಲ್ಲದು. ಅವನು ಆ ಪ್ರತಿಯನ್ನು ಕಟಿಂಗ್ ಮಷೀನಿಗೆ ಇಟ್ಟು ಪೆಡಲ್ ಒತ್ತಿದ. ಮೆಟ್ಟಿಲು ಎರಡು ತುಂಡಾಯಿತು. ಇನ್ನೊಂದನ್ನು ಸುಲಿದ. ಅದೂ ಹಾಗೇ ಇತ್ತು. ಅದನ್ನೂ ಕತ್ತರಿಸಿದ. ಹೀಗೇ ಅರವತ್ತು ಮುಗಿಸಿದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿ ಪಕ್ಕದಲ್ಲೇ ನಿಂತು, ಒಂದೊಂದೇ ಪುಸ್ತಕ ಅವನ ಕೈಗೆ ಕೊಡುತ್ತಿದ್ದಳು. ಸಹಾಯ ಮಾಡುತ್ತಿದ್ದಳು.

ಮೂರನೆಯದನ್ನು ಸುಲಿದರೆ ಮೆಟ್ಟಿಲು ಸರಿಯಾಗಿತ್ತು. ಕೈ ತಡೆಯಿತು. ಹನ್ನೆರಡನೇ ಫಾರಂ ಬಿಡಿಸಿ ನೋಡಿದ. "ಹುಡುಗಿ ಉಸಿರು ಬಿಗಿಹಿಡಿದು, ಎರಡೂ ಕೈ ಚಾಚಿ" ಆದ ಮೇಲೆ ಏನಾಯಿತೆಂದು ಅವನಿಗೆ ಗೊತ್ತೇ ಇರಲಿಲ್ಲವಲ್ಲ. ಹುಡುಗಿ ಹೇಸರಗತ್ತೆಯ ಬೆನ್ನಿನಿಂದ ಜಿಗಿದಿದ್ದಳು. ಬೈಂಡರ್ ಪುಟ ತಿರುವಿದ. ಇನ್ನೊಂದು ತಿರುವಿದ. ಮಷೀನು ಸುಮ್ಮನೆ ಗುಂಯ್‌ಗುಡುತ್ತಿತ್ತು.

"ತಡ ಯಾಕೆ ಮಾವ?" ಎಂದಳು ಹುಡುಗಿ.

"ಸ್ವಲ್ಪ ಇರು" ಎಂದ ಅವನು ತಲೆಯೆತ್ತದೆ. "ಇಲ್ಲಿ ಯುದ್ಧ ನಡೀತಿದೆ."

ಸೇನಾಪತಿಯ ನೆರಳು ಕತ್ತರಿಸಿ ಬೀಳುವ ಕಡೆ ಅವನ ಮೈ ಜುಂ ಎಂದಿತು, ದರ್ಜಿಗೆ ಆದ ಹಾಗೇ. ಕೊನೆಯ ಪುಟದಲ್ಲಿ ಕಣ್ಣು ಮಂಜಾಯಿತು. ಓಟ ಎಂದರೆ ಇದು, ಎಲ್ಲೂ ಎಡವಿಲ್ಲ. ಆಮೇಲೆ ಮಷೀನು ಆರಿಸಿದ. ಕತ್ತರಿಸಿದ ಎರಡು ಪುಸ್ತಕದ ತುಂಡುಗಳನ್ನು ತೊಟ್ಟಿಯಿಂದ ಹೆಕ್ಕಿ ಮೇಜಿನ ಮೇಲೆ ಜೋಡಿಸಿ, ಎಗರಿದ ಗುರುತಿಗೆ ಬೊಟ್ಟು ಮಾಡಿದ. ಮೊದಲ ಸಲ ಬೊಟ್ಟು ಮಾಡಿ ತೋರಿಸಿದ್ದು ಆಗ.

ಹುಡುಗಿ ಬಗ್ಗಿ ನೋಡಿದಳು. "ಅಂದ್ರೆ ನೀವು ಯುದ್ಧ ಓದೇ ಇರ್ಲಿಲ್ಲ."

"ಇಲ್ಲಮ್ಮ. ಸೂಪು ಎರಡು ಸಲ ಓದಿದೆ."

"ಎಲ್ಲಿ ಎಳೆಯುತ್ತೆ ಅಂತ ಎಷ್ಟು ಹುಡುಕಿದೆ ಗೊತ್ತಾ ಮಾವ. ಪ್ರತಿ ಸಾಲೂ ಎಳೆದ ಹಾಗೆ ಕಾಣೋಕೆ ಶುರುವಾಯ್ತು."

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪ್ರೆಸ್ಸಿನ ಮಾಲೀಕರು ಕೋಣೆಯಿಂದ ಬಂದು ಬೈದರು, ಅದು ಅವನ ಕಿವಿಗೆ ಹೋಗಲಿಲ್ಲ.

ಉಳಿದ ಹನ್ನೆರಡನೇ ಫಾರಂಗಳು ಕಟ್ಟಿನಲ್ಲೇ ಇದ್ದವು. ಎರಡು ದಿನ ಕೂತು ಎಲ್ಲವನ್ನೂ ಬಿಚ್ಚಿ, ಪ್ರತಿ ಬೆನ್ನನ್ನೂ ಮೂಗಿನ ಹತ್ತಿರ ಹಿಡಿದು ನೋಡಿ, ಮತ್ತೆ ಹೊಲಿದ. ಶನಿವಾರ ಮನೆ ಮನೆಗೆ ಹೊತ್ತುಕೊಂಡು ಹೋದ. ಪ್ರತಿ ಬಾಗಿಲಲ್ಲೂ ಒಂದೇ ಮಾತು: ತಪ್ಪು ಪುಸ್ತಕದ್ದಲ್ಲ, ನನ್ನದು. ಕ್ಷೌರದವನು ಅಂಗಡಿ ತುಂಬ ಜನರಿದ್ದಾಗಲೇ ಅದನ್ನು ಮೂರು ಸಲ ಹೇಳಿಸಿದ. "ಹಾಗಾದ್ರೆ ದರ್ಜಿ ಓದಿದ್ದ, ನೀವು ಓದಿರಲಿಲ್ಲ" ಎಂದು ಬಿಡಿಸಿ ಬಿಡಿಸಿ ಕೇಳಿ ಖಾತ್ರಿ ಮಾಡಿಕೊಂಡ. ದರ್ಜಿ ತನ್ನ ಅಂಗಡಿಯ ಹೊಲಿಗೆ ಯಂತ್ರದ ಹಿಂದಿನಿಂದ ಎದ್ದು ಬಂದು ತನ್ನ ಗಂಟಲನ್ನು ಒಮ್ಮೆ ಸವರಿಕೊಂಡು ವಾಪಸ್ ಹೋಗಿ ಕೂತ. ಹೆಡ್‌ಮಾಸ್ಟರರು ಮಾತ್ರ ಬಾಗಿಲು ಅರ್ಧ ಮುಚ್ಚಿದರು.

"ನನ್ನ ಪ್ರತಿ ಹೀಗೇ ಇರ್ಲಿ. ಯುದ್ಧ ಬೇಡ."

"ಅದು ತಪ್ಪು ಪ್ರತಿ ಸಾರ್."

"ಲೇಖನ ಅಚ್ಚಿಗೆ ಹೋಗಿದೆ" ಎಂದರು ಅವರು, ಮತ್ತು ಚಿಲಕ ಹಾಕಿಕೊಂಡರು. ಒಳಗೆ ಅವರೂ ನಾಚಿಕೆಯಿಂದಲೇ ನಿಂತಿದ್ದರೇನೋ.

ಕೊನೆಯ ಮನೆ ಅಕ್ಕನದು. ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಕತ್ತರಿಸಿದ ಎರಡು ಪ್ರತಿಯ ವಿಷಯವನ್ನೂ ಹೇಳಿದ.

ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ದಿನಾ ಹೇಳಿದ್ದೀನಿ ಅವಳಿಗೆ. ನಿನ್ನ ಮಾವನೇ ಅಂದ ಮೇಲೆ ಸಾಕು ಬಿಡು ಅಂತ."

"ನೀನಾದ್ರೂ ಒಂದ್ಸಲ ಓದಬಾರದಿತ್ತಾ ಅಕ್ಕ."

"ನೀನು ಓದಿದ್ಯಲ್ಲ ಅಂತ ಬಿಟ್ಟೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟರಲ್ಲಿ ಹುಡುಗಿ ಅಂಗಡಿ ಮುಗಿಸಿ ಬಂದಳು. ಅಕ್ಕ ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು ಮಗಳ ಮುಂದೆ ಹಿಡಿದು, "ಆ ಯುದ್ಧ ಓದು, ಕೇಳೋಣ" ಎಂದಳು.

ಹುಡುಗಿ ಚಪ್ಪಲಿಯನ್ನೂ ಬಿಡದೆ ಓದಿದಳು. ಯುದ್ಧ ಮುಗಿದರೂ ಅಕ್ಕ ಸಾಕು ಎನ್ನಲಿಲ್ಲ. ಉಳಿದ ನಾಲ್ಕು ಫಾರಂಗಳನ್ನೂ ಓದಿಸಿದಳು. ಅಜ್ಜಿಯ ನೆರಳನ್ನು ಬೆನ್ನಿಗೆ ಕಟ್ಟಿಕೊಂಡು ಕಥೆಯ ಹುಡುಗಿ ಹಾರುತ್ತಾಳೆ, ಕೆಳಗೆ ನೋಡಿದರೆ ಅವಳ ಸ್ವಂತ ನೆರಳೇ ಕಾಣುವುದಿಲ್ಲ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

"ಆಮೇಲೆ?" ಎಂದಳು ಅಕ್ಕ.

"ಎರಡನೇ ಭಾಗದಲ್ಲಿತ್ತು."

"ಅದನ್ನೂ ತಗೊಂಡು ಬಾ."

"ಇಲ್ಲಮ್ಮ. ಲೈಬ್ರರಿಯಿಂದ ಬಂದ ದಿನಾನೇ ಹರಿದು ಹಾಕಿದೆ. ನೀನೇ ಕಸ ತಗೊಂಡು ಹೋಗಿ ಹಾಕಿದ್ಯಲ್ಲ."

ಬೈಂಡರ್‌ಗೆ ಆ ಹೊಸ್ತಿಲೇ ತನ್ನನ್ನು ನುಂಗಿಬಿಡಬಾರದೆ ಅನ್ನಿಸಿತು. ಒಡೆದ ಬೆನ್ನನ್ನು ಹೊಲಿಯಬಲ್ಲ, ಹರಿದ ಪುಟಕ್ಕೆ ತೇಪೆ ಹಾಕಬಲ್ಲ, ಇಲ್ಲದ ಪುಟಗಳನ್ನು ಎಲ್ಲಿಂದ ತರುವುದು. ಅಕ್ಕ ಮಡಿಸಿದ ಬಟ್ಟೆಗಳನ್ನೆಲ್ಲ ಮಂಚಕ್ಕೆ ಎಸೆದು, ಮೇಜನ್ನು ಕಿಟಕಿಯ ಹತ್ತಿರ ಎಳೆದಳು. ಸೆರಗಿನಿಂದ ಅದನ್ನು ಒರೆಸಿದಳು.

"ಇನ್ನು ಕೌಂಟರಿನ ಹಿಂದೆ ಬೇಡ, ಇಲ್ಲಿ ಕೂತು ಬರಿ" ಎಂದಳು ಮಗಳಿಗೆ. ತಮ್ಮನ ಕಡೆ ತಿರುಗಿ, "ನೀನೇನು ನಿಂತಿದ್ದೀಯ, ಹೋಗಿ ಕಾಗದ ತಾ" ಎಂದಳು.

ಅವನು ಓಡಿದ. ಪ್ರೆಸ್ಸಿನಿಂದ ಒಂದು ರೀಮು ಬಿಳಿ ಕಾಗದವನ್ನು ಹೆಗಲ ಮೇಲೆ ಹೊತ್ತು, ಏದುಸಿರು ಬಿಡುತ್ತ ತಂದು ಮೇಜಿನ ಮೇಲಿಟ್ಟ. ಹುಡುಗಿ ಮೇಲಿನ ಹಾಳೆ ತೆಗೆದು, ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಬರೆಯತೊಡಗಿದಳು. ಅರ್ಧ ಹಾಳೆ ತುಂಬಿದ ಮೇಲೆ ಹಿಂದಕ್ಕೆ ತಿರುಗಿದಳು. ಮಾವ ಇನ್ನೂ ಹೊಸ್ತಿಲಲ್ಲೇ ಇದ್ದ.

"ಓದ್ತೀನಿ, ಕೇಳ್ತೀರಾ ಮಾವ?"

"ಕೇಳ್ತೀನಮ್ಮ" ಎಂದ ಬೈಂಡರ್. "ಹೇಗಿದೆ ಅಂತ ಮಾತ್ರ ನನ್ನ ಕೇಳಬೇಡ."

ಅವಳು ಓದಿದಳು. ಅವನು ತಲೆ ತಗ್ಗಿಸಿಕೊಂಡೇ ಕೊನೆಯವರೆಗೂ ಕೇಳಿದ.